ಹೈದರಾಬಾದಿನಲ್ಲಿ ತವರಿನ ದಿನಸಿ

ಸ್ವದೇಶವನ್ನು ಬಿಟ್ಟು ಅಮೆರಿಕದ ಯಾವುದಾದರೊಂದು ಮಹಾನಗರದಲ್ಲಿ ನೆಲೆಸಿದ ಆಂಗ್ಲನು ನೆರೆಹೊರೆಯವರೊಡನೆ ತನ್ನ ತಾಯ್ನುಡಿಯಲ್ಲಿಯೇ ಮಾತನಾಡುವನು, ಕಚೇರಿಯ ಕಾಗದಪತ್ರಗಳನ್ನೂ ಅದರಲ್ಲಿಯೇ ಬರೆಯುವನು. ಆದರೆ ಬೆಳಗಿನ ಬ್ರೆಡ್ಡಿಗೆ ಸವರಿಕೊಳ್ಳುವ ಮಾರ್ಮೈಟ್ ಎಂಬ ಉಪ್ಪುಪ್ಪಾದ ಕರಿಯ ಲೇಹ್ಯದ ಸೀಸೆಯೊಂದಕ್ಕಾಗಿ, ಹಾಲು ಬೆರೆಸಿದರೂ ಕಸುವು ಕುಂದದ ತನ್ನೂರ ಚಹಾಪುಡಿಗಾಗಿ, ಆಮದು ಸರಕಿನ ಅಂಗಡಿಯನ್ನು ಅರಸಿಕೊಂಡು ಊರೆಲ್ಲ ಅಲೆಯಬೇಕಾಗುವುದು. ಭಾಷೆ ಒಂದೇ, ಉಗ್ರಾಣ ಬೇರೆ. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗನ ಸ್ಥಿತಿಯು ಇದಕ್ಕೆ ನೇರ ವಿಪರ್ಯಯವಾದುದು. ಇಲ್ಲಿ ಬೀದಿಯ ನುಡಿ ತೆಲುಗು, ಹಳೆಯ ಪೇಟೆಯ ನುಡಿ ದಖನಿ ಉರ್ದು. ಕನ್ನಡವು ಮನೆಯ ಹೊಸಿಲನ್ನು ದಾಟಿ ಹೊರಗೆ ಬರುವುದು ಅಪರೂಪ. ಆದರೆ ತೊಗರಿ, ಜೋಳ, ಅಕ್ಕಿ, ಹುಣಿಸೆ, ಮೆಣಸಿನಕಾಯಿ, ಬೆಲ್ಲ, ಕೊಬ್ಬರಿ ಎಂದು ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿದರೆ, ಪಕ್ಕದ ಮನೆಯ ತೆಲುಗರಲ್ಲಿ ಇಲ್ಲದ ವಸ್ತು ಅವುಗಳಲ್ಲಿ ಹೆಚ್ಚೇನೂ ಇರಲಾರದು. ಹೀಗಿದ್ದೂ ಬೆಂಗಳೂರಿನಿಂದ ಬರುವ ಬಂಧುಗಳ ಚೀಲದಲ್ಲಿ ಸಾರಿನ ಪುಡಿಯೂ, ಮಂಗಳೂರಿನಿಂದ ಬರುವವರ ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿಯೂ, ಶಿರಸಿಯಿಂದ ಬರುವವರ ಕೈಯಲ್ಲಿ ಮಿಡಿ ಉಪ್ಪಿನಕಾಯಿಯ ಭರಣಿಯೂ ತಪ್ಪದೆ ಇರುವುವು. ಎಲ್ಲವೂ ದೊರೆಯುವ ಊರಿನಲ್ಲಿ ಇವರು ಅರಸುವುದಾದರೂ ಏನನ್ನು?

ಇದಕ್ಕೆ ಉತ್ತರ ಹೇಳುವ ಮೊದಲು, ಯಾವ ಸೀಮೆಯ ಕನ್ನಡಿಗನೆಂದು ಮರುಪ್ರಶ್ನೆ ಕೇಳಬೇಕಾಗುವುದು. ರಾಜಕೀಯ ಭೂಪಟದಲ್ಲಿ ಒಂದೇ ಬಣ್ಣ ಬಳಿದುಕೊಂಡಿರುವ ಕರ್ನಾಟಕವು ಹೈದರಾಬಾದಿನ ಕಿರಾಣಿ ಅಂಗಡಿಯ ಮುಂದೆ ನಿಂತೊಡನೆ ಮೂರು ನಾಲ್ಕು ನಾಡುಗಳಾಗಿ ಒಡೆದು ನಿಲ್ಲುವುದು. ಕಲಬುರಗಿಯವನಿಗೆ ಇಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಹಳೆಯ ಮೈಸೂರಿನವನಿಗೆ ಎರಡು ಮೂರು ವಸ್ತುಗಳ ಕೊರತೆ, ಅದರ ಜೊತೆಗೆ ಇಪ್ಪತ್ತು ವಸ್ತುಗಳ ಮೇಲೆ ದೂರು. ಕರಾವಳಿಯವನಿಗೆ ಮಾತ್ರ ಅನ್ನದ ಮಟ್ಟದಲ್ಲಿಯೇ ಪರದೇಶವಾಸದ ಅನುಭವವಾಗುವುದು. ದಶಕಗಳಿಂದ ಒಂದೇ ವಠಾರದಲ್ಲಿದ್ದು, ಒಂದೇ ಮಠದ ಆರಾಧನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಈ ಮೂವರೂ ಪರಸ್ಪರರ ಕೊರತೆಯನ್ನು ಒಳಗೊಳಗೇ ನಗೆಯಾಡುವುದನ್ನು ನಾನು ಬಲ್ಲೆನು.

ಇಂದಿನ ಗಡಿಗಳನ್ನು ನೋಡಿ ಹೈದರಾಬಾದಿನ ಕನ್ನಡಿಗರೆಲ್ಲರನ್ನೂ ವಲಸೆ ಬಂದವರೆಂದು ಎಣಿಸುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿಯಾಗಿದ್ದಿತು. ವ್ಯಾಜ್ಯಕ್ಕೆಂದು ಬಂದವರು, ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದಲೆಂದು ಬಂದವರು, ದಿವಾನಿ ಕಚೇರಿಯ ನೌಕರಿಗೆಂದು ಬಂದವರು, ಇವರೆಲ್ಲರೂ ತಮ್ಮ ಊರಿನಿಂದ ತಮ್ಮದೇ ರಾಜಧಾನಿಗೆ ಬಂದವರು. ನಿಜವಾದ ಅರ್ಥದಲ್ಲಿ ಆಮದು ಸರಕನ್ನು ತಿನ್ನುತ್ತಿದ್ದವನು ಮೈಸೂರು ಸಂಸ್ಥಾನದ ಅಥವಾ ಧಾರವಾಡ ಸೀಮೆಯ ಕನ್ನಡಿಗನು. ನಿಜಾಮರ ರಾಜ್ಯಕ್ಕೆ ತನ್ನದೇ ಆದ ಹಾಲಿ ಸಿಕ್ಕಾ ನಾಣ್ಯವಿದ್ದಿತು. ಬ್ರಿಟಿಷ್ ಸರ್ಕಾರದ 6 ರೂಪಾಯಿಗೆ ಸುಮಾರು 7 ಹಾಲಿ ರೂಪಾಯಿಗಳು ಸಮನಾಗುತ್ತಿದ್ದುವು. ತನ್ನದೇ ಆದ ಸುಂಕದ ಇಲಾಖೆಯೂ ಇದ್ದಿತು. ಜನರ ಬಾಯಲ್ಲಿ ಅದಕ್ಕೆ ಕರೋಡಗಿರಿಯೆಂದು ಹೆಸರು. ಹೊರಗಿನಿಂದ ಬರುವ ಸರಕಿಗೆ ಸಾಮಾನ್ಯವಾಗಿ ನೂರಕ್ಕೆ 5ರಂತೆ ಅದು ಸುಂಕ ವಸೂಲು ಮಾಡುತ್ತಿದ್ದಿತು. ಆದುದರಿಂದ ಹುಬ್ಬಳ್ಳಿಯ ವರ್ತಕನು ಹೇರಿ ಕಳುಹಿಸಿದ ಬ್ಯಾಡಗಿ ಮೆಣಸಿನಕಾಯಿಯ ಮೂಟೆಯೂ ಚಿಕ್ಕಮಗಳೂರಿನ ಕಾಫಿಬೀಜದ ಮೂಟೆಯೂ, ವಿಲಾಯತಿಯಿಂದ ಬಂದ ಬಿಸ್ಕತ್ತಿನ ಡಬ್ಬಿಯಂತೆಯೇ, ಪರರಾಜ್ಯದ ಸರಕೆನಿಸಿ ಗಡಿಯಲ್ಲಿ ತಡೆದು ನಿಲ್ಲಬೇಕಾಗಿದ್ದಿತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತರುವಾಯವೂ ಹಾಲಿ ನಾಣ್ಯವು ಒಮ್ಮೆಗೇ ಮರೆಯಾಗದೆ, 1959ರಲ್ಲಿ ಪೂರ್ಣವಾಗಿ ಚಲಾವಣೆ ಕಳೆದುಕೊಂಡಿತು. ಅಷ್ಟರಲ್ಲಿ ಗಡಿಗಳೇ ತಿರುವುಮುರುವಾಗಿದ್ದುವು: ಮನೆಯವನಾಗಿದ್ದ ಕಲಬುರಗಿಯವನು ನೆರೆರಾಜ್ಯದವನಾದನು, ಪರರಾಜ್ಯದವನಾಗಿದ್ದ ಮೈಸೂರಿನವನು ಅವನ ಸ್ವರಾಜ್ಯಬಂಧುವಾದನು. ಆದರೆ ಇಬ್ಬರ ನಾಲಗೆಗಳೂ ಈ ವಿಂಗಡಣೆಯ ಕಾಯಿದೆಯನ್ನು ಇಂದಿಗೂ ಅಂಗೀಕರಿಸಿಲ್ಲ.

ಈ ಕನ್ನಡ ಸಂಸಾರಗಳಲ್ಲಿ ಹಳೆಯವು ಬಹುಮಟ್ಟಿಗೆ ಕಾಚಿಗುಡ, ಬರ್ಕತ್‌ಪುರ, ಸುಲ್ತಾನ್ ಬಜಾರುಗಳ ಆಸುಪಾಸಿನಲ್ಲಿ ನೆಲೆಯೂರಿದುವು. 1916ರಲ್ಲಿ ಕಟ್ಟಿದ ಕಾಚಿಗುಡ ರೈಲು ನಿಲ್ದಾಣವೂ ಅಲ್ಲಿಯೇ. ನೃಪತುಂಗನ ಹೆಸರಿನ ಶಾಲೆಯೂ, ಕರ್ನಾಟಕ ಸಾಹಿತ್ಯ ಮಂದಿರವೂ ಆ ಭಾಗದಲ್ಲಿಯೇ ಬೆಳೆದುವು. ಶಾಲೆಗೆ ಈ ಹೆಸರನ್ನಿಟ್ಟವರು ಎಷ್ಟು ದೂರ ಆಲೋಚಿಸಿದ್ದರೋ ತಿಳಿಯದು, ಆದರೆ ನೃಪತುಂಗನ ರಾಜಧಾನಿಯಾಗಿದ್ದ ಮಾನ್ಯಖೇಟವು, ಎಂದರೆ ಇಂದಿನ ಮಳಖೇಡವು, ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ತೆರೆದ ರೈಲು ಮಾರ್ಗದ ಬದಿಯಲ್ಲಿಯೇ ಇರುವುದು. ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು, ವಿಕಾರಾಬಾದು ಎಂದು ಆ ದಾರಿಯ ನಿಲ್ದಾಣಗಳನ್ನು ಎಣಿಸುತ್ತ ಬಂದರೆ, ಕನ್ನಡವು ಎಲ್ಲಿ ನಿಂತು ತೆಲುಗು ಎಲ್ಲಿ ಮೊದಲಾಯಿತೆಂದು ನೆಲವನ್ನು ನೋಡಿ ಹೇಳಲು ಸಾಧ್ಯವಿಲ್ಲ. ಅದೇ ಎರೆಭೂಮಿ, ಅದೇ ಸುಣ್ಣದ ಕಲ್ಲಿನ ಪದರ, ಅದೇ ತೊಗರಿಯ ಹೊಲ. ಹೈದರಾಬಾದಿನ ಹಳೆಯ ಮನೆಗಳ ಅಡುಗೆಕೋಣೆಯ ನೆಲಕ್ಕೆ ಹಾಸಿದ ಶಹಾಬಾದಿನ ಕಲ್ಲೂ, ಆ ನೆಲದ ಮೇಲೆ ಮೊರದಲ್ಲಿ ಕೇರಿದ ಬೇಳೆಯೂ ಒಂದೇ ರೈಲುದಾರಿಯಲ್ಲಿ ಬಂದುವು.

ಬೇಳೆಯ ಪ್ರಸ್ತಾಪ ಬಂದುದರಿಂದ ಒಂದು ಸಂಗತಿಯನ್ನು ಹೇಳಬೇಕು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು; ಗಡಿಯ ಈಚೆಗಿನ ತಾಂಡೂರಿನ ತೊಗರಿಗೆ 2022ರಲ್ಲಿ ಬೇರೆಯಾಗಿಯೇ ಅದೇ ಮಾನ್ಯತೆ ದೊರೆಯಿತು. ಬೇಗ ಬೇಯುವುದು, ಬೆಂದ ಮೇಲೆ ರುಚಿಗೆಡದೆ ಬಹಳ ಹೊತ್ತು ನಿಲ್ಲುವುದು ಎಂದು ಎರಡರ ಗುಣವರ್ಣನೆಯೂ ಹೆಚ್ಚುಕಡಿಮೆ ಒಂದೇ. ಹೀಗಿರುವಲ್ಲಿ, ನಮ್ಮ ಬಡಾವಣೆಯ ಬೆಂಗಳೂರಿನ ಗೃಹಿಣಿಯೊಬ್ಬರು ತವರಿಗೆ ಹೋದಾಗಲೆಲ್ಲ ತೊಗರಿಬೇಳೆಯನ್ನು ತಪ್ಪದೆ ಕಟ್ಟಿಸಿಕೊಂಡು ಬರುವುದನ್ನು ಕಂಡು, ಸೇಡಂ ಕಡೆಯ ಹಿರಿಯ ನೆರೆಯಾಕೆಯೊಬ್ಬರು ಬಾಗಿಲಲ್ಲಿಯೇ ತಡೆದು ಕೇಳಿದರಂತೆ: "ಯಾಕ್ರೀ ತಂಗಿ, ಬ್ಯಾಳಿ ಹೊತ್ತುಕೊಂಡು ಬಂದೀರಿ? ಅದು ನಮ್ಮ ಹೊಲದಿಂದ ಬೆಂಗಳೂರಿಗೆ ಹೋಗಿ, ನಿಮ್ಮ ಚೀಲದಾಗ ಕುಂತು, ಮತ್ತ ನಮ್ಮ ಮನಿ ಮುಂದನ ಬಂತಲ್ರೀ!" ತಂಗಿಯ ಬಳಿ ಉತ್ತರವಿರಲಿಲ್ಲ. "ಅಲ್ಲಿ ಅಂಗಡಿಯವರು ಗೊತ್ತಿರೋರು ಅಕ್ಕಾ" ಎಂದಷ್ಟೇ ಅವರು ಹೇಳಿದುದು. ಈ ಉತ್ತರವನ್ನು ನಾನು ಹಗುರವೆಂದು ಭಾವಿಸಲಾರೆ. ದಿನಸಿಯ ವಿಷಯದಲ್ಲಿ ಗುಣದ ಅರ್ಧ ಭಾಗವು ಗುರುತಿನ ಅಂಗಡಿಯವನ ಮುಖದಲ್ಲಿರುವುದೆಂದು ಹಳೆಯ ಗೃಹಸ್ಥರೆಲ್ಲರೂ ಬಲ್ಲರು.

ಸೇಡಂ ಕಡೆಯ ಅಕ್ಕನಿಗೆ ಈ ನಗೆಯಾಡುವ ಅಧಿಕಾರ ಸಹಜವಾಗಿಯೇ ಇದೆ. ಆಕೆಯ ಜೋಳವು ಇಲ್ಲಿ ಯಾವ ಬೀದಿಯಲ್ಲಾದರೂ ದೊರೆಯುವುದು. ಸಂಜೆಯಾದೊಡನೆ ನಗರದ ಎಷ್ಟೋ ರಸ್ತೆಗಳ ಬದಿಯಲ್ಲಿ ಹೆಂಗಸರು ಒಲೆ ಹೂಡಿ, ಹಂಚಿನ ಮೇಲೆ ಜೋಳದ ರೊಟ್ಟಿಯನ್ನು ಸುಟ್ಟು ಕಚೇರಿಯಿಂದ ಮರಳುವವರಿಗೆ ಮಾರುವರು. ಆಕೆಯ ಪುಂಡಿಪಲ್ಯಕ್ಕೆ ಬೇಕಾದ ಸೊಪ್ಪು ತೆಲುಗರ ಆರಾಧ್ಯ ಶಾಕವೇ ಆದುದರಿಂದ, ಗಾಡಿಯವನು ಬಾಗಿಲಿಗೇ ಕೂಗಿಕೊಂಡು ತರುವನು. ಜೋಳದ ನುಚ್ಚನ್ನೂ ಬೇಳೆಯನ್ನೂ ಹಾಕಿ ಅದನ್ನು ಬೇಯಿಸುವ ಕ್ರಮವೊಂದೇ ಆಕೆ ಊರಿನಿಂದ ತಂದುದು. ಅಗಸಿ, ಗುರೆಳ್ಳು, ಶೇಂಗಾ, ಇವು ಯಾವುದಕ್ಕೂ ಪ್ರಯಾಸವಿಲ್ಲ. ರಾಗಿಗೂ ಈಗ ಕೊರತೆಯಿಲ್ಲ. ಕಿರುಧಾನ್ಯಗಳ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯು ರಾಜೇಂದ್ರನಗರದಲ್ಲಿಯೇ ಇರುವ ಈ ಊರಿನಲ್ಲಿ, 2023ನ್ನು ಅಂತರರಾಷ್ಟ್ರೀಯ ಕಿರುಧಾನ್ಯ ವರ್ಷವೆಂದು ಆಚರಿಸಿದ ಮೇಲಂತೂ, ರಾಗಿಹಿಟ್ಟಿನ ಪೊಟ್ಟಣವು ಔಷಧದಂಗಡಿಯವನೂ ನಾಚುವ ಬೆಲೆಗೆ ಮಾರಾಟವಾಗುವುದು.

ಮೆಣಸಿನಕಾಯಿಯಲ್ಲಿ ಮಾತ್ರ ಎಲ್ಲ ಸೌಹಾರ್ದವೂ ಮುರಿದು ಬೀಳುವುದು. ಇದು ಗುಂಟೂರಿನ ಪ್ರಭುತ್ವದಲ್ಲಿರುವ ಪ್ರದೇಶ. ಗುಂಟೂರು ಸಣ್ಣವೆಂಬ ಕಾಯಿಯು ಖಾರಕ್ಕೆ ಪ್ರಸಿದ್ಧವಾದುದು. ಬಣ್ಣ ಬರುವಷ್ಟು ಹಾಕಿದರೆ ಸಾರು ಉಣ್ಣಲಾಗದು, ಉಣ್ಣುವಷ್ಟು ಹಾಕಿದರೆ ಸಾರಿಗೆ ಬಣ್ಣ ಬಾರದು. ಬ್ಯಾಡಗಿಯದು ಇದಕ್ಕೆ ವಿರುದ್ಧವಾದ ಸ್ವಭಾವ: ಹರಳುಗೆಂಪು, ಮೈತುಂಬ ಸುಕ್ಕು, ಮಿತವಾದ ಖಾರ. 2011ರಲ್ಲಿ ಭೌಗೋಳಿಕ ಸೂಚಕವನ್ನು ಪಡೆದ ಈ ಕಾಯಿಯಲ್ಲಿಯೂ ಡಬ್ಬಿ, ಕಡ್ಡಿಯೆಂದು ಎರಡು ಜಾತಿಗಳುಂಟು. ಡಬ್ಬಿಯು ಗಿಡ್ಡ, ಉಬ್ಬಿದ ಹೊಟ್ಟೆ, ಬಣ್ಣ ಅಧಿಕ; ಕಡ್ಡಿಯು ಉದ್ದ, ತೆಳು. ಇದನ್ನು ಅರಸಿ ಹೋಗುವ ಗೃಹಸ್ಥನು ಕೊನೆಗೆ ತಲುಪುವುದು ಬೇಗಂ ಬಜಾರನ್ನು.

ಎರಡನೆಯ ನಿಜಾಮನ ಪತ್ನಿಯಾದ ಹಮ್ದಾ ಬೇಗಮಳು ವರ್ತಕರಿಗೆಂದು ಬಿಟ್ಟುಕೊಟ್ಟ ನೆಲದಲ್ಲಿ ಬೆಳೆದ ಆ ಪೇಟೆಯ ಗಲ್ಲಿಗಳಲ್ಲಿ ಬಿಸಿಲಿನ ಹೊತ್ತಿನಲ್ಲಿ ನಡೆಯುವವನಿಗೆ ಕಣ್ಣಿಗಿಂತ ಮೊದಲು ಮೂಗೇ ದಾರಿ ತೋರುವುದು. ಮೆಣಸಿನಕಾಯಿಯ ಸಾಲು ಬಂತೆಂಬುದಕ್ಕೆ ಸೀನೇ ಸಾಕ್ಷಿ. ಅಲ್ಲಿ ಬ್ಯಾಡಗಿಯೆಂದು ಕೇಳಿದವರಿಗೆ ಇಲ್ಲವೆನ್ನುವ ಅಂಗಡಿಯವನೇ ಇಲ್ಲ. ತೊಡಕು ಇರುವುದು ಅವನು ತೋರಿಸುವ ಕಾಯಿಯಲ್ಲಿ. ಗುಂಟೂರಿನ ಮಾರುಕಟ್ಟೆಯಲ್ಲಿ 355 ಬ್ಯಾಡಗಿ ಮುಂತಾದ ಹೆಸರುಗಳಲ್ಲಿ ಹೊಸ ತಳಿಗಳು ಯಥೇಚ್ಛವಾಗಿ ಮಾರಾಟವಾಗುವುವು. ಅವು ಬೆಳೆದುದು ಆಂಧ್ರದ ಎರೆನೆಲದಲ್ಲಿಯೋ ಬಳ್ಳಾರಿ, ರಾಯಚೂರುಗಳ ನೀರಾವರಿಯಲ್ಲಿಯೋ ಆಗಿರಬಹುದು. ಆದುದರಿಂದ ಬಲ್ಲವರು ಹೆಸರನ್ನು ನೆಚ್ಚದೆ ಕಾಯಿಯನ್ನು ನೆಚ್ಚುವರು. ಧಾರವಾಡ ಕಡೆಯ ಹಿರಿಯರೊಬ್ಬರು ಅಂಗಡಿಯ ಮೆಟ್ಟಿಲಲ್ಲಿ ನಿಂತು ಪರೀಕ್ಷಿಸುತ್ತಿದ್ದ ಕ್ರಮವನ್ನು ಬಹಳ ಹೊತ್ತು ನೋಡಿದ್ದೇನೆ. ಮೊದಲು ಮೂಟೆಯ ಮೇಲುಭಾಗವನ್ನು ಸರಿಸಿ ಒಳಗಿನಿಂದ ಒಂದು ಹಿಡಿ ತೆಗೆಯುವರು. ಕಾಯನ್ನು ಹಿಡಿದು ಮಡಿಸುವರು. ಪಟ್ಟನೆ ಮುರಿದರೆ ಅತಿಯಾಗಿ ಒಣಗಿದ ಹಳೆಯ ಮಾಲು, ಮೆತ್ತಗೆ ಬಾಗಿದರೆ ನೀರು ಚಿಮುಕಿಸಿ ತೂಕ ಹೆಚ್ಚಿಸಿದ ಮಾಲು, ಇವೆರಡರ ನಡುವಣ ಒಂದು ಬಿಗುವು ಅವರಿಗೆ ಬೇಕು. ಆಮೇಲೆ ತೊಟ್ಟು ಕಿತ್ತು, ಬೀಜವನ್ನು ಅಂಗೈಗೆ ಉದುರಿಸಿ, ಸಿಪ್ಪೆಯ ಒಳಮೈಯನ್ನು ಬೆರಳಿಗೆ ಉಜ್ಜಿ, ಬೆರಳು ಎಷ್ಟು ಕೆಂಪಾಯಿತೆಂದು ಬೆಳಕಿಗೆ ಹಿಡಿದು ನೋಡುವರು. ವರ್ತಕನು ದಖನಿಯಲ್ಲಿ ಆಣೆಯಿಟ್ಟು ಹೇಳುತ್ತಿದ್ದ ಪ್ರಶಂಸೆಯ ಕಡೆಗೆ ಅವರ ಲಕ್ಷ್ಯವೇ ಇರಲಿಲ್ಲ. "ಕಾಯಿ ಮಾತಾಡ್ತದ, ನೀ ಸುಮ್ನಿರಪಾ" ಎಂದು ಕನ್ನಡದಲ್ಲಿಯೇ ಹೇಳಿದರು. ಅವನಿಗೂ ಅರ್ಥವಾಗಿರಬೇಕು, ಸುಮ್ಮನಾದನು.

ಬ್ಯಾಡಗಿಯ ಮಾರುಕಟ್ಟೆಯಲ್ಲಿಯಾದರೂ ಎಲ್ಲವೂ ಹಿಂದಿನಂತೆ ಉಳಿದಿಲ್ಲ. 2024ರ ಮಾರ್ಚಿನಲ್ಲಿ ಬೆಲೆ ಕುಸಿದಾಗ ರೈತರು ರೊಚ್ಚಿಗೆದ್ದು ಕೃಷಿ ಮಾರುಕಟ್ಟೆಯ ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟುದು ವೃತ್ತಪತ್ರಿಕೆಗಳನ್ನು ಓದುವವರಿಗೆ ನೆನಪಿರಬಹುದು. ಅಂದು ಅಲ್ಲಿ ಸರಕು ತಂದವರಲ್ಲಿ ಆಂಧ್ರದ ರೈತರೂ ಇದ್ದರು. ಹಾವೇರಿ ಜಿಲ್ಲೆಯ ಪೇಟೆಗೆ ಆಂಧ್ರದ ಕಾಯಿ, ಆಂಧ್ರದ ಪೇಟೆಯಲ್ಲಿ ಹಾವೇರಿಯ ಹೆಸರು, ಹೈದರಾಬಾದಿನ ಕನ್ನಡಿಗನ ಡಬ್ಬಿಯಲ್ಲಿ ಎರಡರ ಬೆರಕೆ. ಈಚೆಗೆ ಕೆಲವರು ವರಂಗಲ್ಲಿನ ಚಪಾಟವೆಂಬ ಕಾಯಿಯನ್ನು ಬಳಸಿ ತೃಪ್ತರಾಗಿರುವರು. ಟೊಮ್ಯಾಟೊ ಮೆಣಸಿನಕಾಯಿಯೆಂದೂ ಕರೆಸಿಕೊಳ್ಳುವ, ಬಣ್ಣ ಹೆಚ್ಚಾಗಿ ಖಾರ ಕಡಿಮೆಯಿರುವ ಈ ದುಂಡುಕಾಯಿಗೆ 2025ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. ನನ್ನ ಅಭಿಪ್ರಾಯದಲ್ಲಿ ಬಣ್ಣಕ್ಕೆ ಅದು ಸಾಲುವುದು. ಹುರಿದಾಗ ಏಳುವ ಪರಿಮಳಕ್ಕೆ ಸಾಲದು. ಈ ಮಾತನ್ನು ವರಂಗಲ್ಲಿನ ಮಿತ್ರರ ಎದುರಿಗೆ ಆಡುವುದಿಲ್ಲ.

ಇದೇ ಬೇಗಂ ಬಜಾರು ಮೈಸೂರು ಸೀಮೆಯವರಿಗೆ ಅನಿರೀಕ್ಷಿತವಾದ ಒಂದು ಉಪಕಾರವನ್ನೂ ಮಾಡಿದೆ. ಬಿಸಿಬೇಳೆಭಾತಿನ ಪುಡಿಗೆ ಅವಶ್ಯವಾದ ಮರಾಠಿ ಮೊಗ್ಗು, ಕಲ್ಲುಹೂವು, ಚಕ್ಕೆ, ಲವಂಗಗಳನ್ನು ತವರಿನಿಂದಲೇ ತರಬೇಕೆಂದು ನಂಬಿದ ಗೃಹಿಣಿಯರು, ಬಿರಿಯಾನಿಗೂ ನಿಹಾರಿಗೂ ಮಸಾಲೆ ಕಟ್ಟಿಕೊಡುವ ಅಂಗಡಿಯೊಂದರ ಒಳಹೊಕ್ಕು ನೋಡಿದರೆ ಬೆರಗಾಗುವರು. ಕಲ್ಲುಹೂವೆಂಬುದು ಬಂಡೆಯ ಮೇಲೆ ಬೆಳೆಯುವ ಶಿಲಾವಲ್ಕ. ನವಾಬರ ಅಡುಗೆಯಲ್ಲಿ ಮಾಂಸದ ಸಾರಿಗೆ ಅದು ಜೀವವಾದುದರಿಂದ ಈ ಊರಿನಲ್ಲಿ ದೊರೆಯುವಷ್ಟು ಶುದ್ಧವಾಗಿ, ಮಣ್ಣು ಕಸರಿಲ್ಲದೆ, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿಯೂ ದೊರೆಯಲಾರದು. ಈರುಳ್ಳಿ ಬೆಳ್ಳುಳ್ಳಿಗಳನ್ನೇ ಒಲ್ಲದ ಮಾಧ್ವ ಮನೆತನದ ವೃದ್ಧೆಯೊಬ್ಬರು ನಿಹಾರಿಯ ಮಸಾಲೆಯವನ ಕಾಯಂ ಗಿರಾಕಿಯಾಗಿರುವರೆಂದರೆ, ಅದರಲ್ಲಿ ವಿರೋಧವೇನೂ ಇಲ್ಲ. ಡಬ್ಬಿಯೊಳಗೆ ಹೋಗುವ ತನಕ ಮಸಾಲೆಗೆ ಮತವಿಲ್ಲ. ಇಷ್ಟು ಶ್ರಮ ಬೇಡವೆನ್ನುವವರಿಗೆ ಎಂಟಿಆರ್ ಪೊಟ್ಟಣಗಳು ಎಲ್ಲ ದೊಡ್ಡ ಅಂಗಡಿಗಳಲ್ಲಿಯೂ ದೊರೆಯುವುವು. 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲಾಗಿ ಮೊದಲಾದ ಆ ಸಂಸ್ಥೆಯು, ತುರ್ತುಪರಿಸ್ಥಿತಿಯ ದಿನಗಳ ಬೆಲೆನಿಯಂತ್ರಣದಿಂದ ಹೋಟೆಲನ್ನು ನಡೆಸುವುದು ದುಸ್ತರವಾದಾಗ ಪುಡಿಗಳನ್ನೂ ಸಿದ್ಧಹಿಟ್ಟುಗಳನ್ನೂ ಮಾರುವುದಕ್ಕೆ ಇಳಿಯಿತು. ಸರ್ಕಾರದ ಒಂದು ಕಟ್ಟಳೆಯು ದೂರದೂರುಗಳ ಕನ್ನಡಿಗರಿಗೆ ಹೀಗೊಂದು ವರವಾಗಿ ಪರಿಣಮಿಸಿತು.

ಕಾಫಿಯ ವಿಷಯವು ಇಷ್ಟು ಸುಲಭದಲ್ಲಿ ತೀರುವುದಲ್ಲ. ಹೈದರಾಬಾದು ಇರಾನಿ ಚಹಾದ ಊರು. ಇಲ್ಲಿ ಒಳ್ಳೆಯ ಕಾಫಿ ಇಲ್ಲವೆಂದರೆ ಅನೃತವಾದೀತು: ಅರಕು ಕಣಿವೆಯ ಅರೇಬಿಕಾ ಬೀಜವು ಅಂಗಡಿಗಳಲ್ಲಿ ಅಲಂಕಾರದಿಂದ ಕುಳಿತಿರುವುದು; ಜಗತ್ತಿನ ಅನೇಕ ದೇಶಗಳಿಗೆ ಇನ್‌ಸ್ಟಂಟ್ ಕಾಫಿಯನ್ನು ಮಾಡಿ ಕಳುಹಿಸುವ ದೊಡ್ಡ ಸಂಸ್ಥೆಯೊಂದರ ಕಚೇರಿ ಇರುವುದೂ ಇದೇ ನಗರದಲ್ಲಿ. ಆದರೆ ಮೈಸೂರಿನವನು ಬಯಸುವುದು ಉತ್ತಮ ಕಾಫಿಯನ್ನಲ್ಲ, ತನ್ನ ಕಾಫಿಯನ್ನು. ಪೀಬೆರಿ ಇಷ್ಟು ಪಾಲು, ಪ್ಲಾಂಟೇಷನ್ ಇಷ್ಟು ಪಾಲು, ಮೈಕಟ್ಟಿಗೆಂದು ಒಂದಿಷ್ಟು ರೊಬಸ್ಟಾ, ನೂರಕ್ಕೆ ಇಪ್ಪತ್ತರಷ್ಟು ಚಿಕೋರಿ, ಹುರಿಯುವುದು ಇಂಥ ಹದಕ್ಕೆ, ಬೀಸುವುದು ಇಂಥ ನುಣುಪಿಗೆ, ಎಂಬ ಒಂದು ಸಂಪ್ರದಾಯವು ಪ್ರತಿಯೊಂದು ಮನೆಯಲ್ಲಿಯೂ ತಂದೆಯಿಂದ ಮಗನಿಗೆ ಇಳಿದು ಬಂದಿರುವುದು. ಕಾಯಿದೆಯು ನೂರಕ್ಕೆ 49ರವರೆಗೆ ಚಿಕೋರಿಯನ್ನು ಸಹಿಸುವುದು. ಮನೆಯ ಯಜಮಾನನು ಇಪ್ಪತ್ತೊಂದನ್ನೂ ಸಹಿಸಲಾರನು. ಪುಡಿಯನ್ನು ಒಪ್ಪವಾಗಿ ತಂದರೂ ಇನ್ನೊಂದು ವಿಘ್ನ ಉಳಿಯುವುದು, ಅದು ಹಾಲು. ಇಲ್ಲಿ ಎಮ್ಮೆಯ ಹಾಲಿನ ಬಳಕೆ ಹೆಚ್ಚು. ಅದರ ಕೊಬ್ಬು ಡಿಕಾಕ್ಷನ್ನಿನ ಕಹಿಯನ್ನು ನುಂಗಿಬಿಡುವುದರಿಂದ, ಬೆಂಗಳೂರಿನ ಅಳತೆಯಲ್ಲಿ ಬೆರೆಸಿದ ಕಾಫಿ ಇಲ್ಲಿ ಪಾಯಸದ ಬಣ್ಣಕ್ಕೆ ತಿರುಗುವುದು. ಕರ್ನಾಟಕ ಹಾಲು ಮಹಾಮಂಡಲದ ನಂದಿನಿ ಹಸುವಿನ ಹಾಲು ಹೈದರಾಬಾದಿನಲ್ಲಿಯೂ ಮಾರಾಟಕ್ಕೆ ಬಂದಾಗ ಕನ್ನಡ ಸಂಸಾರಗಳು ಪಟ್ಟ ಸಂತೋಷಕ್ಕೆ ಭಾಷಾಭಿಮಾನಕ್ಕಿಂತ ಈ ಡಿಕಾಕ್ಷನ್ನಿನ ಕಾರಣವೇ ಬಲವಾದುದೆಂದು ನನ್ನ ಎಣಿಕೆ.

ಇನ್ನು ಕರಾವಳಿಯವರ ಪಾಡು. ಇವರಿಗೆ ಬೇಕಾದುದು ಕುಚ್ಚಲಕ್ಕಿ. ಭತ್ತವನ್ನು ನೆನೆಯಿಸಿ, ಆವಿಯಲ್ಲಿ ಬೇಯಿಸಿ, ಒಣಗಿಸಿ, ತೌಡಿನ ಕೆಂಪು ಪೂರ್ತಿಯಾಗಿ ಹೋಗದಂತೆ ಕುಟ್ಟಿದ ದಪ್ಪಕಾಳಿನ ಅಕ್ಕಿ. ಗಂಜಿಯೂಟಕ್ಕೆ ಅದರ ಹೊರತು ಗತಿಯಿಲ್ಲ. ಇಲ್ಲಿನ ನಿತ್ಯದ ಅಕ್ಕಿಯು ಸೋನಾ ಮಸೂರಿ. ಅದರಲ್ಲಿ ಗಂಜಿ ಬೇಯಿಸಿದರೆ ಕಾಳು ಕರಗಿ ಅಂಟಾಗುವುದು. ವಿನೋದವೇನೆಂದರೆ, ಭತ್ತವನ್ನು ಕುದಿಸಿ ಅಕ್ಕಿ ಮಾಡುವ ಗಿರಣಿಗಳು ತೆಲಂಗಾಣದಲ್ಲಿ ಇರುವಷ್ಟು ಬೇರೆ ಕಡೆಯಲ್ಲಿ ಇರುವುದು ವಿರಳ. ಬೇಸಿಗೆಯ ಬೆಳೆಯು ಕೊಯ್ಲಿಗೆ ಬರುವ ಹೊತ್ತಿನ ಉರಿಬಿಸಿಲಿಗೆ ಕಾಳು ಒಳಗೇ ಬಿರುಕುಬಿಟ್ಟು, ಹಸಿಯಾಗಿ ಗಿರಣಿಗೆ ಹಾಕಿದರೆ ನುಚ್ಚಾಗಿ ಹೋಗುವುದರಿಂದ, ಕುದಿಸುವುದು ಅನಿವಾರ್ಯ. ಕುದಿಸಿದಾಗ ಕಾಳಿನೊಳಗಿನ ಪಿಷ್ಟವು ಬೆಸೆದುಕೊಂಡು ಗಟ್ಟಿಯಾಗುವುದು. ಮಿರ್ಯಾಲಗುಡದಂಥ ಊರುಗಳು ಈ ಗಿರಣಿಗಳಿಂದಲೇ ಬೆಳೆದುವು. ಆ ಅಕ್ಕಿಯನ್ನು ತೆಲಂಗಾಣದವರು ತಿನ್ನುವುದಿಲ್ಲ. ಮಾಡುವುದು ಇವರು, ಉಣ್ಣುವುದು ಪರಸೀಮೆಯವರು. ಇದನ್ನು ಇನ್ನು ಕೊಳ್ಳಲಾರೆವೆಂದು ಕೇಂದ್ರ ಸರ್ಕಾರವು ಹಟ ಹಿಡಿದುದರಿಂದ, 2022ರ ಏಪ್ರಿಲ್ 11ರಂದು ಅಂದಿನ ಮುಖ್ಯಮಂತ್ರಿ ಚಂದ್ರಶೇಖರ ರಾವ್ ಅವರು ದೆಹಲಿಯಲ್ಲಿಯೇ ಧರಣಿ ಕುಳಿತರು. ಗೋದಾಮುಗಳಲ್ಲಿ ಕುದಿಸಿದ ಅಕ್ಕಿ ಪರ್ವತೋಪಾದಿಯಲ್ಲಿ ಬಿದ್ದಿರುವ ರಾಜ್ಯದ ರಾಜಧಾನಿಯಲ್ಲಿ ಉಡುಪಿಯ ಗೃಹಸ್ಥನೊಬ್ಬನು ಐದು ಕಿಲೋ ಕುಚ್ಚಲಕ್ಕಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುವನು. ಆ ಅಕ್ಕಿಯು ಬಿಳಿಯದು, ಇವನಿಗೆ ಬೇ‍ಕಾದುದು ಕೆಂಪಿನದು; ಗೋದಾಮು ತೆರೆದು ಕೊಟ್ಟರೂ ಇವನು ಕೊಳ್ಳಲಾರನು.

ಅಲೆದು ಅಲೆದು ಅವನು ಸೇರುವುದು ಮಲಯಾಳಿಗಳ ಅಂಗಡಿಯನ್ನು. ಅಲ್ಲಿ ಪಾಲಕ್ಕಾಡಿನ ಮಟ್ಟ ಅಕ್ಕಿಯುಂಟು. ಕುಚ್ಚಲಕ್ಕಿಗೆ ಅದು ಸೋದರ ಸಂಬಂಧಿ. ಕುಡಂಪುಳಿಯುಂಟು, ಆದರೆ ಪುನರ್ಪುಳಿಯಿಲ್ಲ. ಅಡುಗೆಗೆಂದೇ ಇಟ್ಟ ತೆಂಗಿನೆಣ್ಣೆಯುಂಟು. ಉಳಿದ ಅಂಗಡಿಗಳಲ್ಲಿ ತೆಂಗಿನೆಣ್ಣೆ ಕೇಳಿದರೆ ತಲೆಗೆ ಹಚ್ಚುವ ನೀಲಿ ಸೀಸೆಯನ್ನು ಮುಂದಿಡುವರು, ಒಗ್ಗರಣೆಗೆಂದು ಹೇಳಿದರೆ ಮುಖವನ್ನೊಮ್ಮೆ ನೋಡುವರು. ಕಾಚಿಗುಡದಿಂದ ಮಂಗಳೂರಿಗೆ ವಾರಕ್ಕೆರಡು ಬಾರಿ ಹೊರಡುವ ರೈಲೂ, ಈಚೆಗೆ ಮುರುಡೇಶ್ವರದವರೆಗೆ ಮುಂದುವರಿದಿದ್ದರೂ, ಕಡಪ, ಸೇಲಂ, ಪಾಲಕ್ಕಾಡುಗಳನ್ನು ಸುತ್ತಿ ಕೇರಳದ ಮೂಲಕವೇ ಕನ್ನಡ ಕರಾವಳಿಯನ್ನು ತಲುಪುವುದಾದುದರಿಂದ, ಇವರ ಅನ್ನವೂ ಇವರ ರೈಲೂ ಒಂದೇ ದಾರಿ ಹಿಡಿದಿರುವುವೆನ್ನಬಹುದು. ಆ ರೈಲಿನಲ್ಲಿ ಬರುವವರ ಸಾಮಾನುಗಳ ನಡುವೆ ಮಂಗಳೂರು ಸೌತೆ ಉರುಳಾಡುವುದು. ಅದು ತಿಂಗಳುಗಟ್ಟಲೆ ಕೆಡದೆ ಇರುವ ಸಾಧುಪ್ರಾಣಿ. ಮಟ್ಟುಗುಳ್ಳದ ಆಯುಸ್ಸು ಅಷ್ಟಿಲ್ಲ, ಬಸಳೆಯದು ಒಂದೆರಡು ದಿನ. ಹೀಗಾಗಿ ಬಸಳೆಯನ್ನು ಊರಿನಿಂದ ತರುವುದನ್ನು ಬಿಟ್ಟು, ಮಾಳಿಗೆಯ ಮೇಲೆ ಕುಂಡದಲ್ಲಿ ಒಂದು ದಂಟು ನೆಟ್ಟು ಚಪ್ಪರಕ್ಕೆ ಹಬ್ಬಿಸಿಕೊಂಡವರೇ ಬುದ್ಧಿವಂತರು. ಕೆಸುವಿನ ಎಲೆಯಂತೂ ಹೈದರಾಬಾದಿನ ಬಿಸಿಲಿಗೆ ಮೈಗೊಡದುದರಿಂದ, ಪತ್ರೊಡೆಯ ಹೆಸರಿನಲ್ಲಿ ಕೋಸಿನ ಎಲೆಯನ್ನು ಸುರುಳಿ ಸುತ್ತುವ ಅಪಚಾರವನ್ನೂ ನಾನು ಕಂಡಿದ್ದೇನೆ, ತಿಂದೂ ಇದ್ದೇನೆ.

ಮಲೆನಾಡಿನವರು ಸಂಖ್ಯೆಯಲ್ಲಿ ಕಡಿಮೆ, ನಿಷ್ಠೆಯಲ್ಲಿ ಹೆಚ್ಚು. ಆವಕಾಯಿಯ ಚಕ್ರಾಧಿಪತ್ಯದಲ್ಲಿದ್ದುಕೊಂಡು ಅವರು ಅಪ್ಪೆಮಿಡಿಯ ಧ್ವಜವನ್ನು ಇಳಿಸಿಲ್ಲ. ಬಲಿತ ಮಾವನ್ನು ಗೊರಟಿನ ಚಿಪ್ಪಿನ ಸಮೇತ ಹೋಳುಮಾಡಿ, ಸಾಸಿವೆ ಪುಡಿಯಲ್ಲಿಯೂ ಎಣ್ಣೆಯಲ್ಲಿಯೂ ಮುಳುಗಿಸುವುದು ಇಲ್ಲಿನ ಕ್ರಮ. ಎಳೆಯ ಮಿಡಿಯನ್ನು ತೊಟ್ಟಿನೊಡನೆ ಇಡಿಯಾಗಿ ಉಪ್ಪಿನಲ್ಲಿಟ್ಟು ಮುರುಟಿಸಿ, ಆಮೇಲೆ ಖಾರ ಹಾಕುವುದು ಅವರ ಕ್ರಮ. ಅದಕ್ಕೆ ಪರ್ಯಾಯವು ಈ ಊರಿನಲ್ಲಿ ಯಾವ ಬೆಲೆಗೂ ದೊರೆಯದು. ಜೋನಿಬೆಲ್ಲವೂ ಹಾಗೆಯೇ.

ಊಟದ ಈ ಪರದೇಶಿತನವು ಹೈದರಾಬಾದಿಗೆ ಹೊಸದೇನೂ ಅಲ್ಲ, ಕನ್ನಡಿಗರೊಬ್ಬರದೇ ಅಲ್ಲ. 1806ರಲ್ಲಿ ನಿಜಾಮ ಸಿಕಂದರ್ ಜಾಹನ ಹೆಸರಿನಿಂದ ಕರೆಸಿಕೊಂಡ ದಂಡುಪ್ರದೇಶದಲ್ಲಿ ಬೀಡುಬಿಟ್ಟ ಬ್ರಿಟಿಷ್ ಅಧಿಕಾರಿಗಳು ಡಬ್ಬಿಯಲ್ಲಿ ಮುಚ್ಚಿದ ಹಂದಿಮಾಂಸವನ್ನೂ, ಚೀಸನ್ನೂ, ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ತನ್ನೂ ಸಮುದ್ರಮಾರ್ಗವಾಗಿ ತರಿಸಿಕೊಂಡು ತಿಂದು, ಸುತ್ತಲಿನ ಮಾವಿನಹಣ್ಣನ್ನು ಸಂಶಯದಿಂದ ನೋಡಿದರು. ದಂಡಿನ ಜೊತೆಗೆ ಬಂದ ತಮಿಳರಿಂದ ಸಿಕಂದರಾಬಾದಿನ ಮೋಂಡಾ ಮಾರುಕಟ್ಟೆಯಲ್ಲಿ ದಕ್ಷಿಣದ ತರಕಾರಿಗಳು ಕಾಣಿಸಿಕೊಂಡುವು. ಇಂದಿಗೂ ಬಾಳೆದಿಂಡು, ಬೂದುಗುಂಬಳ, ಎಳೆಯ ಹಲಸುಗಳಿಗಾಗಿ ಕನ್ನಡಿಗರು ಹೋಗುವುದು ಅಲ್ಲಿಗೇ. ದೇಶವಿಭಜನೆಯಲ್ಲಿ ಸಿಂಧನ್ನು ಬಿಟ್ಟು ಬಂದ ಕುಟುಂಬವೊಂದು 1953ರಲ್ಲಿ ಮೊಅಜ್ಜಂ ಜಾಹಿ ಮಾರುಕಟ್ಟೆಯ ಬಳಿ ತಮ್ಮ ಕಳೆದುಹೋದ ಊರಿನ ಹೆಸರಿಟ್ಟು ತೆರೆದ ಕರಾಚಿ ಬೇಕರಿಯ ಬಿಸ್ಕತ್ತು ಈಗ ಹೈದರಾಬಾದಿನದೇ ಗುರುತಾಗಿರುವುದು.

ಮಾದಾಪುರ, ಗಚ್ಚಿಬೌಲಿ, ಕೊಂಡಾಪುರಗಳ ಎತ್ತರದ ಕಟ್ಟಡಗಳಲ್ಲಿ ವಾಸಿಸುವ ಹೊಸ ಪೀಳಿಗೆಯ ಕನ್ನಡಿಗರಿಗೆ ಈ ವೃತ್ತಾಂತವೆಲ್ಲ ಪುರಾಣವೆಂದು ತೋರಬಹುದು. ಅವರು ಕೈಯಲ್ಲಿನ ಫೋನನ್ನು ಒತ್ತುವರು. ಸಾರಿನ ಪುಡಿಯೂ ಕಾಫಿಪುಡಿಯೂ ಬಾಗಿಲಿಗೆ ಬರುವುವು. 2023ರ ಸೆಪ್ಟೆಂಬರಿನಿಂದ ಕಾಚಿಗುಡ ಮತ್ತು ಯಶವಂತಪುರಗಳ ನಡುವೆ ಓಡುತ್ತಿರುವ ವಂದೇ ಭಾರತ ರೈಲು ಎಂಟೂವರೆ ಗಂಟೆಗಳ ಆಸುಪಾಸಿನಲ್ಲಿ ಬೆಂಗಳೂರನ್ನು ಮುಟ್ಟಿಸುವುದು. ರಾತ್ರಿಯಿಡೀ ಬರ್ತಿನ ಕೆಳಗಿನ ಚೀಲವನ್ನು ಕಾಲಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುವ ಆತಂಕವೂ ಇಲ್ಲ. ಆದರೆ ಇವರ ಮಕ್ಕಳ ವಿಷಯದಲ್ಲಿ ವ್ಯಾಪಾರವು ಮಗ್ಗುಲು ಬದಲಾಯಿಸುತ್ತಿರುವುದನ್ನು ಗಮನಿಸಿದ್ದೇನೆ. ಇಲ್ಲಿಯೇ ಹುಟ್ಟಿ, ಶಾಲೆಯ ಡಬ್ಬಿಯಲ್ಲಿ ಸಹಪಾಠಿಗಳ ಗೊಂಗೂರ ಪಚ್ಚಡಿಯನ್ನೂ ಆವಕಾಯಿಯನ್ನೂ ಹಂಚಿಕೊಂಡು ತಿಂದು ಬೆಳೆದ ಹುಡುಗರು ಉದ್ಯೋಗಕ್ಕೆಂದು ಬೆಂಗಳೂರಿಗೆ ಹೋಗುವರು. ಹೆತ್ತವರು ಜೀವಮಾನವೆಲ್ಲ ಹಂಬಲಿಸಿದ ಸಾರು, ಹುಳಿ, ಗೊಜ್ಜುಗಳ ಊರಿನಲ್ಲಿ ಕುಳಿತು ಕೊರಗುವರು. ಕಾಚಿಗುಡದ ಅಜ್ಜಿಯೊಬ್ಬರಿಗೆ ಮೊಮ್ಮಗನು ಜಯನಗರದಿಂದ ಫೋನು ಮಾಡಿದ ದಿನ ನಾನು ಅವರ ಮನೆಯಲ್ಲಿದ್ದೆನು. "ಅಜ್ಜಿ, ಇಲ್ಲಿ ಸಾಂಬಾರಿಗೂ ಬೆಲ್ಲ ಹಾಕ್ತಾರೆ. ಚಿಕ್ಕಪ್ಪ ಬರೋವಾಗ ಖಾರದ ಪುಡಿ ಕಳಿಸು, ಗುಂಟೂರಿಂದೇ ಕಳಿಸು, ನಿನ್ನ ಬ್ಯಾಡಗಿ ಬೇಡ." ಮದುವೆಯಾಗಿ ಬಂದಂದಿನಿಂದ ಗುಂಟೂರಿನ ಪುಡಿಯನ್ನು ಮನೆಯೊಳಗೆ ಬಿಟ್ಟುಕೊಳ್ಳದ ಆ ವೃದ್ಧೆಯು ಎರಡು ಕ್ಷಣ ಸುಮ್ಮನಿದ್ದು, ಆಮೇಲೆ ಸೊಸೆಯನ್ನು ಕರೆದು, ಒಂದು ಕಿಲೋ ತರಿಸೆಂದರು, ಚೀಲದಲ್ಲಿ ಚೆಲ್ಲಿದರೆ ಬಟ್ಟೆಯೆಲ್ಲ ಉರಿಯುವುದೆಂದು ಎರಡು ಕವರು ಹಾಕಿಸಬೇಕೆಂದೂ ಹೇಳಿದರು.